ಡೇಟ್ ಹತ್ತಿರ ಬಂದ ಸರಕು: ಮಾರಬೇಕೋ, ಕೊಡಬೇಕೋ, ಎಸೆಯಬೇಕೋ?

ಅಂಗಡಿ ಬಿಟ್ಟು ಕೂತು ಓದುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ, ಹಾಗಾಗಿ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಡೇಟ್ ಮುಗಿಯಲು ಇನ್ನೂ ದಿನ ಇರುವ ಸರಕನ್ನು ಬೆಲೆ ಇಳಿಸಿ ಮಾರಿ, ಮಾರಾಟವಾಗದಿದ್ದರೆ ಕೊಟ್ಟುಬಿಡಿ. ಎಕ್ಸ್‌ಪೈರಿ ದಾಟಿದ್ದನ್ನು ಯಾರಿಗೂ ಕೊಡಬೇಡಿ, ಹರಿದು ಎಸೆಯಿರಿ. ಡೇಟ್ ಮುಗಿದ ಮರುದಿನ "ಕೊಡಲೋ, ಎಸೆಯಲೋ" ಎಂದು ಯೋಚಿಸುತ್ತಾ ನಿಂತರೆ ಪ್ರಯೋಜನವಿಲ್ಲ. ಅಷ್ಟೊತ್ತಿಗೆ ಕೊಡುವ ದಾರಿ ಮುಚ್ಚಿರುತ್ತದೆ. ಆ ಯೋಚನೆ ಬರಬೇಕಾದದ್ದು ಮೂರ್ನಾಲ್ಕು ವಾರ ಮುಂಚೆ.

ನಾನು ತುಮಕೂರಿನಲ್ಲಿ ಅಂಗಡಿಗಳ ಜಿಎಸ್‌ಟಿ ಲೆಕ್ಕ ಬರೆಯುವವನು. ಮಂಡಿಪೇಟೆ, ಎಸ್.ಎಸ್. ಪುರಂ, ಬಟವಾಡಿ ಕಡೆಯ ಪ್ರಾವಿಷನ್ ಸ್ಟೋರ್‌ಗಳು, ಒಂದೆರಡು ಸಣ್ಣ ಮಾರ್ಟ್‌ಗಳು ನನ್ನ ಗಿರಾಕಿಗಳು. ಮಾರ್ಚ್ ಕೊನೆಗೆ ಸ್ಟಾಕ್ ಎಣಿಸುವಾಗ ಯಾವ ಅಂಗಡಿಗೆ ಹೋದರೂ ಕೌಂಟರ್ ಕೆಳಗಿಂದ ಒಂದು ರಟ್ಟಿನ ಡಬ್ಬ ಹೊರಬರುತ್ತದೆ. ಬಿಸ್ಕೆಟ್, ನೂಡಲ್ಸ್, ಯಾರೂ ಮುಟ್ಟದ ಓಟ್ಸ್, ದೀಪಾವಳಿಗೆಂದು ತರಿಸಿ ಉಳಿದ ಚಾಕೊಲೇಟ್ ಡಬ್ಬ, ಎಲ್ಲವೂ ಅದರಲ್ಲೇ. ಕೆಳಗೆ ಬರೆದಿರುವುದು ಆ ಡಬ್ಬದ ವಿಚಾರ.

ಪ್ಯಾಕೆಟ್ ಮೇಲಿನ ಡೇಟ್ ಏನು ಹೇಳುತ್ತದೆ

ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐನ 2020ರ ಲೇಬಲ್ ನಿಯಮದ ಪ್ರಕಾರ ತಯಾರಾದ ಅಥವಾ ಪ್ಯಾಕ್ ಆದ ದಿನ, ಜೊತೆಗೆ 'ಎಕ್ಸ್‌ಪೈರಿ' ಇಲ್ಲವೇ 'ಯೂಸ್ ಬೈ' ದಿನ ಹಾಕುವುದು ಕಡ್ಡಾಯ. 'ಬೆಸ್ಟ್ ಬಿಫೋರ್' ಅನ್ನು ಕಂಪನಿ ಬೇಕಿದ್ದರೆ ಹೆಚ್ಚುವರಿಯಾಗಿ ಹಾಕಬಹುದು. ಬೆಸ್ಟ್ ಬಿಫೋರ್ ದಾಟಿದರೆ ರುಚಿ, ಗರಿಗರಿ, ಪರಿಮಳ ಕಡಿಮೆಯಾಗಿರಬಹುದು. ತಿನ್ನಲು ಯೋಗ್ಯವಾಗಿಯೇ ಇರಬಹುದು ಎಂದು ನಿಯಮವೇ ಒಪ್ಪುತ್ತದೆ. ಯೂಸ್ ಬೈ ದಾಟಿದ್ದನ್ನು ಮಾತ್ರ ಮಾರುವಂತೆಯೇ ಇಲ್ಲ.

ಇದನ್ನು ಓದಿ "ಬೆಸ್ಟ್ ಬಿಫೋರ್ ದಾಟಿದ್ದನ್ನೆಲ್ಲ ಆಶ್ರಮಕ್ಕೆ ಕಳಿಸಬಹುದು" ಎಂದು ಖುಷಿಪಡುವ ಮುಂಚೆ ಒಂದು ಮಾತು. ಆ ಡೇಟ್ ಲೆಕ್ಕ ಹಾಕುವಾಗ ಕಂಪನಿಯವರು ತಂಪಾದ, ಒಣಗಿದ ಜಾಗವನ್ನು ಮನಸ್ಸಲ್ಲಿಟ್ಟುಕೊಂಡಿರುತ್ತಾರೆ. ನಮ್ಮ ಗೋಡೌನ್‌ಗಳಿಗೆ ತಗಡಿನ ಸೂರು. ಏಪ್ರಿಲ್‌ನಲ್ಲಿ ಮಧ್ಯಾಹ್ನ ಶಟರ್ ಮುಟ್ಟಿದರೆ ಕೈ ಸುಡುತ್ತದೆ. ಪಾವಗಡ, ಶಿರಾ ಕಡೆಯಂತೂ ಕೇಳುವುದೇ ಬೇಡ. ಅಲ್ಲಿಟ್ಟ ಕಡಲೆಕಾಯಿ ಚಿಕ್ಕಿ ಡೇಟ್‌ಗಿಂತ ಮುಂಚೆಯೇ ಕಮಟು ವಾಸನೆ ಹೊಡೆಯುತ್ತದೆ. ಫ್ರಿಜ್ ಸರಕಿನದು ಇನ್ನೂ ಸೂಕ್ಷ್ಮ. 5ರಿಂದ 60 ಡಿಗ್ರಿ ನಡುವಿನ ಬಿಸಿಯಲ್ಲಿ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ. ಕರೆಂಟ್ ಬಿಲ್ ಉಳಿಸಲು ರಾತ್ರಿ ಫ್ರಿಜ್ ಆಫ್ ಮಾಡಿ ಹೋಗುವ ಅಂಗಡಿಯಲ್ಲಿ ಪನೀರ್ ಪ್ಯಾಕೆಟ್ ಮೇಲೆ ಇನ್ನೂ ನಾಲ್ಕು ದಿನ ಇದೆ ಎಂದು ಬರೆದಿದ್ದರೆ ಆ ನಾಲ್ಕು ದಿನವನ್ನು ನಾನಂತೂ ನಂಬುವುದಿಲ್ಲ.

ದುಡ್ಡಿನ ಲೆಕ್ಕ

ಎಸೆದರೆ ನಷ್ಟ ತೋರಿಸಬಹುದು, ಕೊಟ್ಟರೆ ತೆರಿಗೆಯಲ್ಲಿ ತೊಂದರೆ ಎಂಬ ನಂಬಿಕೆ ಅಂಗಡಿಯವರಲ್ಲಿ ಗಟ್ಟಿಯಾಗಿದೆ. ಇನ್ನು ಕೆಲವರಲ್ಲಿ ಇದರ ತದ್ವಿರುದ್ಧ: ದಾನ ಕೊಟ್ಟರೆ ತೆರಿಗೆ ವಿನಾಯಿತಿ ಸಿಗುತ್ತದೆ ಎಂದು. ಜಿಎಸ್‌ಟಿ ಮಟ್ಟಿಗೆ ಎರಡೂ ಸರಿಯಲ್ಲ.

ಸಿಜಿಎಸ್‌ಟಿ ಕಾಯ್ದೆಯ 17(5)(ಎಚ್) ಕಲಂ ಕಳೆದುಹೋದ, ಕಳುವಾದ, ನಾಶಮಾಡಿದ, ಲೆಕ್ಕದಿಂದ ತೆಗೆದುಹಾಕಿದ ಸರಕನ್ನೂ, ಉಡುಗೊರೆಯಾಗಿ ಕೊಟ್ಟ ಸರಕನ್ನೂ ಒಂದೇ ಸಾಲಿನಲ್ಲಿ ಕೂರಿಸುತ್ತದೆ. ಇವು ಯಾವುದಕ್ಕೂ ಇನ್‌ಪುಟ್ ಕ್ರೆಡಿಟ್ ಇಲ್ಲ, ಅಂದರೆ ಸರಕು ಕೊಳ್ಳುವಾಗ ಕಟ್ಟಿದ ಜಿಎಸ್‌ಟಿಯನ್ನು ಮಾರಾಟದ ಮೇಲಿನ ತೆರಿಗೆಯಲ್ಲಿ ಕಳೆದುಕೊಳ್ಳುವಂತಿಲ್ಲ. ತೆಗೆದುಕೊಂಡಿದ್ದರೆ ವಾಪಸ್ ಕಟ್ಟಬೇಕು. ಬಿಸ್ಕೆಟ್ ಉದಾಹರಣೆ ನೋಡಿ. 2025ರ ಸೆಪ್ಟೆಂಬರ್ 22ರಿಂದ ಬಿಸ್ಕೆಟ್ ಮೇಲಿನ ಜಿಎಸ್‌ಟಿ ಶೇ. 18ರಿಂದ 5ಕ್ಕೆ ಇಳಿಯಿತು. ₹1,000ದ ಸರಕು ತಂದರೆ ತೆರಿಗೆ ₹50. ಕಸಕ್ಕೆ ಹಾಕಿದರೆ ಕೈಬಿಡುವುದು ₹1,050. ವೃದ್ಧಾಶ್ರಮಕ್ಕೆ ಕೊಟ್ಟರೂ ₹1,050. ಅದನ್ನೇ ಡೇಟ್ ಇರುವಾಗ ಅರ್ಧ ಬೆಲೆಗೆ ಮಾರಿದರೆ ಐನೂರರ ಆಸುಪಾಸು ಕೈಗೆ ಬರುತ್ತದೆ, ಕ್ರೆಡಿಟ್ ಕೂಡ ಉಳಿಯುತ್ತದೆ. ಕಾಂಪೊಸಿಷನ್‌ನಲ್ಲಿರುವ, ಅಂದರೆ ವಹಿವಾಟಿನ ಮೇಲೆ ಒಂದು ಸಣ್ಣ ಶೇಕಡಾವಾರು ತೆರಿಗೆ ಕಟ್ಟಿ ಮುಗಿಸುವ ಸಣ್ಣ ಅಂಗಡಿಗೆ ಕ್ರೆಡಿಟ್ಟೇ ಇಲ್ಲ, ಆದ್ದರಿಂದ ಈ ತಲೆನೋವೂ ಇಲ್ಲ. ಇನ್ನು 80ಜಿ ಎಂದು ಎಲ್ಲರೂ ಕರೆಯುವ ಆದಾಯ ತೆರಿಗೆಯ ರಿಯಾಯಿತಿ ಹಣ ಕೊಟ್ಟವರಿಗೆ ಮಾತ್ರ. ಅಕ್ಕಿ, ಬೇಳೆ, ಬಿಸ್ಕೆಟ್ ಕೊಟ್ಟರೆ ಸಿಗುವುದಿಲ್ಲ.

ಒಟ್ಟಿನಲ್ಲಿ ಜಿಎಸ್‌ಟಿ ಲೆಕ್ಕದಲ್ಲಿ ಕಸದ ಗಾಡಿಗೆ ಹಾಕುವುದರಲ್ಲಿ ನಿಮಗೆ ಕಾಸಿನ ಲಾಭವಿಲ್ಲ, ಆಶ್ರಮಕ್ಕೆ ಕೊಡುವುದರಲ್ಲಿ ಅದಕ್ಕಿಂತ ಹೆಚ್ಚಿನ ನಷ್ಟವೂ ಇಲ್ಲ. ಲಾಭ ಇರುವುದು ಬೇಗ ಮಾರುವುದರಲ್ಲಿ.

ಬೆಲೆ ಇಳಿಸಿ ಮಾರುವುದು

ಆನ್‌ಲೈನ್‌ನಲ್ಲಿ ಆಹಾರ ಮಾರುವವರಿಗೆ ಎಫ್‌ಎಸ್‌ಎಸ್‌ಎಐ 2024ರ ನವೆಂಬರ್‌ನಲ್ಲಿ ಒಂದು ಸೂಚನೆ ಕೊಟ್ಟಿತು: ಸರಕು ಗಿರಾಕಿಯ ಕೈ ಸೇರುವಾಗ ಅದರ ಆಯುಸ್ಸಿನ ಶೇ. 30ರಷ್ಟು, ಇಲ್ಲವೇ ಕನಿಷ್ಠ 45 ದಿನ ಬಾಕಿ ಇರಬೇಕು. ಪೇಟೆಯ ಅಂಗಡಿಗೆ ಇದು ಅನ್ವಯವಾಗುವುದಿಲ್ಲ. ಆದರೂ ಈ ಅಳತೆಯನ್ನು ಎರವಲು ಪಡೆಯಿರಿ ಎಂದೇ ನಾನು ಹೇಳುವುದು. ಆರು ತಿಂಗಳು ಬಾಳುವ ಬಿಸ್ಕೆಟ್‌ಗೆ 50 ದಿನ ಬಾಕಿ ಇದ್ದಾಗ ಅದು ಶೆಲ್ಫ್‌ನಿಂದ ಇಳಿದು ಗಲ್ಲಾಪೆಟ್ಟಿಗೆ ಪಕ್ಕದ ಬುಟ್ಟಿಗೆ ಬರಬೇಕು. ಎಂಆರ್‌ಪಿಗಿಂತ ಕಡಿಮೆಗೆ ಮಾರಲು ಯಾರ ಅಪ್ಪಣೆಯೂ ಬೇಕಿಲ್ಲ. ಹೊಸ ಬೆಲೆಯ ಚೀಟಿ ಅಂಟಿಸುವಾಗ ಹಳೆಯ ಡೇಟ್ ಮುಚ್ಚಿಹೋಗದಂತೆ ನೋಡಿಕೊಂಡರೆ ಸಾಕು.

"ಬುಟ್ಟಿ ಇಟ್ರೆ ಅಂಗಡಿ ಮರ್ಯಾದೆ ಹೋಗುತ್ತೆ" ಎನ್ನುವವರಿದ್ದಾರೆ. ಡೇಟ್ ಆದ ಪ್ಯಾಕೆಟ್ ಹಿಡಿದುಕೊಂಡು ಬಂದ ಗಿರಾಕಿ ನಾಲ್ಕು ಜನರೆದುರು ಬೈದರೆ ಎಷ್ಟು ಮರ್ಯಾದೆ ಉಳಿಯುತ್ತದೆ?

ಡಿಸ್ಟ್ರಿಬ್ಯೂಟರ್‌ಗೆ ವಾಪಸ್

ಬ್ರೆಡ್, ಬನ್ ವ್ಯಾನಿನವರು ಸಾಮಾನ್ಯವಾಗಿ ಹಳೆಯದನ್ನು ಎತ್ತಿಕೊಂಡು ಹೊಸದು ಕೊಟ್ಟು ಹೋಗುತ್ತಾರೆ. ಅಲ್ಲಿ ನಿಮ್ಮ ತೀರ್ಮಾನಕ್ಕೆ ಕೆಲಸವೇ ಇಲ್ಲ. ಪೇಚಾಟ ಇರುವುದು ಎಕ್ಸ್‌ಪೈರಿ ಕ್ಲೈಮ್, ಅಂದರೆ ಡೇಟ್ ಮುಗಿದ ಸರಕಿನ ದುಡ್ಡು ವಾಪಸ್ ಕೊಡುವ ಕಂಪನಿಗಳ ಸರಕಿನಲ್ಲಿ. ಎಷ್ಟೋ ಕಡೆ ಕ್ಲೈಮ್ ಬೇಕೆಂದರೆ ಡೇಟ್ ಮುಗಿದ ಪ್ಯಾಕೆಟ್ಟನ್ನೇ ತೋರಿಸಬೇಕು. ಅದಕ್ಕೇ ಅಂಗಡಿಯವರು ಒಂದು ತಿಂಗಳ ಆಯುಸ್ಸಿರುವ ಒಳ್ಳೆಯ ಬಿಸ್ಕೆಟ್ಟನ್ನು ಯಾರಿಗೂ ಕೊಡದೆ, ಯಾರಿಗೂ ಮಾರದೆ, ಡಬ್ಬದಲ್ಲಿಟ್ಟು ಕೆಡುವವರೆಗೆ ಕಾಯುತ್ತಾರೆ. ಕೆಟ್ಟರೆ ದುಡ್ಡು, ಕೊಟ್ಟರೆ ಇಲ್ಲ. ತಿನ್ನುವ ಪದಾರ್ಥ ಕಸವಾಗುವುದಕ್ಕೆ ಅಂಗಡಿಯವರ ಕಲ್ಲುಮನಸ್ಸು ಕಾರಣವಲ್ಲ, ಬಹುಪಾಲು ಈ ಏರ್ಪಾಡೇ ಕಾರಣ ಎಂಬುದು ನನ್ನ ಅನಿಸಿಕೆ.

ಇದಕ್ಕೆ ಇರುವ ಒಂದು ದಾರಿ, ಲೈನ್‌ಗೆ ಬರುವ ಸೇಲ್ಸ್‌ಮನ್‌ಗೆ ಎರಡು ತಿಂಗಳು ಮುಂಚೆಯೇ ಹೇಳಿ ಸರಕು ಎತ್ತಿಸುವುದು. ಬಿ.ಎಚ್. ರಸ್ತೆಯ ಜೋರು ವ್ಯಾಪಾರದ ಅಂಗಡಿಯಲ್ಲಿ ವಾರಕ್ಕೇ ಖಾಲಿಯಾಗುವ ಮಾಲು ನಿಮ್ಮಲ್ಲಿ ಆರು ತಿಂಗಳು ಕೂತಿರಬಹುದು. ಸೇಲ್ಸ್‌ಮನ್‌ಗೂ ಕ್ಲೈಮ್ ಕಾಗದಕ್ಕಿಂತ ಮಾಲು ಬದಲಾಯಿಸುವುದೇ ಸಲೀಸು. ಕ್ಲೈಮ್‌ನ ದುಡ್ಡು ತಡವಾಗಿ, ಕ್ರೆಡಿಟ್ ನೋಟ್ ರೂಪದಲ್ಲಿ, ಕೆಲವೊಮ್ಮೆ ಅರ್ಧಂಬರ್ಧ ಬರುತ್ತದೆ ಎಂಬುದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಸಣ್ಣ ಬ್ರ್ಯಾಂಡ್‌ನವರ ಬಾಯಿಮಾತಿನ ಭರವಸೆ ನಂಬಿ ಡಬ್ಬ ತುಂಬಿಸಿಕೊಳ್ಳುವುದಕ್ಕಿಂತ ಬುಟ್ಟಿಗೆ ಹಾಕಿ ಮಾರುವುದು ವಾಸಿ.

ಕೊಡುವುದಾದರೆ ಯಾರಿಗೆ, ಹೇಗೆ

ತುಮಕೂರಿನವರಿಗೆ ಅನ್ನದಾನ ಎಂದೊಡನೆ ಸಿದ್ಧಗಂಗೆಯೇ ನೆನಪಿಗೆ ಬರುವುದು. ಸಾವಿರಾರು ಮಕ್ಕಳು ಉಂಡು ಓದುವ ಮಠಕ್ಕೆ ಊರೂರಿನಿಂದ ರಾಗಿ, ಅಕ್ಕಿ, ಬೇಳೆ, ತೆಂಗಿನಕಾಯಿ, ತರಕಾರಿ ಗಾಡಿಗಟ್ಟಲೆ ಬರುವುದನ್ನು ನೋಡಿಯೇ ಬೆಳೆದವರು ನಾವು. ಗಮನಿಸಿ, ರೈತ ಅಲ್ಲಿಗೆ ತರುವುದು ಹೊಸ ಫಸಲನ್ನು, ಮುಗ್ಗಿದ್ದನ್ನಲ್ಲ. ನಿಮ್ಮ ಅಂಗಡಿಯ ನಲವತ್ತು ಪ್ಯಾಕೆಟ್ ಓಟ್ಸ್ ಅಂಥ ದೊಡ್ಡ ಅಡುಗೆಮನೆಗೆ ಪ್ರಯೋಜನಕ್ಕೂ ಬರುವುದಿಲ್ಲ. ಇಪ್ಪತ್ತು ಮೂವತ್ತು ಜನ ಇರುವ ವೃದ್ಧಾಶ್ರಮ, ಖಾಸಗಿಯಾಗಿ ನಡೆಯುವ ಸಣ್ಣ ಹಾಸ್ಟೆಲ್, ಅನಾಥಾಲಯಗಳಿಗೆ ಅದು ಸರಿಹೊಂದುತ್ತದೆ. ಸರ್ಕಾರಿ ಹಾಸ್ಟೆಲ್‌ಗಳಿಗೆ ಅವರದೇ ಮೆನು, ಅವರದೇ ಟೆಂಡರ್. ವಾರ್ಡನ್ ಒಪ್ಪದಿದ್ದರೆ ಬೇಸರ ಮಾಡಿಕೊಳ್ಳಬೇಡಿ.

ಕಾನೂನಿನ ಕಡೆಯಿಂದ ಮೂರು ಸಂಗತಿ ತಿಳಿದಿರಲಿ. 2006ರ ಆಹಾರ ಸುರಕ್ಷತೆ ಕಾಯ್ದೆಯ 27ನೇ ಕಲಂ ಪ್ರಕಾರ ಎಕ್ಸ್‌ಪೈರಿ ನಂತರ ಮಾರಿದ್ದಕ್ಕೆ ಅಂಗಡಿಯವರೇ ಹೊಣೆ. 'ಮಾರಾಟ' ಎಂದರೆ ಬಿಲ್ ಹಾಕಿದ್ದು ಮಾತ್ರವಲ್ಲ. ಮಾರಲೆಂದು ಪ್ರದರ್ಶನಕ್ಕಿಟ್ಟದ್ದು, ದಾಸ್ತಾನಿಟ್ಟದ್ದೂ ಅದರಲ್ಲಿ ಸೇರುತ್ತದೆ. ಆದ್ದರಿಂದ ಡೇಟ್ ಆದ ಡಬ್ಬ ಶೆಲ್ಫ್ ಪಕ್ಕ ಇರಲೇಬಾರದು, ಬೇರೆ ಜಾಗದಲ್ಲಿಟ್ಟು ಮೇಲೆ ದಪ್ಪಗೆ 'ಮಾರಾಟಕ್ಕಲ್ಲ' ಎಂದು ಬರೆಯಿರಿ. ಎರಡನೆಯದು, ಕಾಯ್ದೆ 'ಗ್ರಾಹಕ' ಎಂಬುದಕ್ಕೆ ಕೊಡುವ ಅರ್ಥದಲ್ಲಿ ಆಹಾರ ಕೊಳ್ಳುವುದರ ಜೊತೆ 'ಪಡೆಯುವ' ಮಾತೂ ಇದೆ. ಗ್ರಾಹಕನಿಗೆ ಹಾನಿಯಾದರೆ 65ನೇ ಕಲಂನಲ್ಲಿ ಪರಿಹಾರವಿದೆ. ಸಾವು ಸಂಭವಿಸಿದರೆ ಅದು ಕನಿಷ್ಠ ₹5 ಲಕ್ಷ. "ಪುಕ್ಕಟೆ ಕೊಟ್ಟಿದ್ದು, ನನಗೇನು ಸಂಬಂಧ" ಎಂದು ತಪ್ಪಿಸಿಕೊಳ್ಳಬಹುದು ಎಂದುಕೊಳ್ಳಬೇಡಿ. ಮೂರನೆಯದು, ಮಿಗುವ ಆಹಾರವನ್ನು ಸಂಗ್ರಹಿಸಿ ಹಂಚುವುದಕ್ಕೇ 2019ರಲ್ಲಿ ಪ್ರತ್ಯೇಕ ನಿಯಮಾವಳಿ ಬಂದಿದೆ. ಹಂಚುವ ಸಂಸ್ಥೆ ನೋಂದಣಿ ಮಾಡಿಸಿರಬೇಕು, ಕೊಡುವ ಆಹಾರ ಸುರಕ್ಷಿತವಾಗಿರಬೇಕು, ಕೊಟ್ಟವರೂ ಪಡೆದವರೂ ದಾಖಲೆ ಇಡಬೇಕು.

ಹೊರದೇಶದ ಉದಾಹರಣೆ ತೋರಿಸಿ ನಮ್ಮವರನ್ನು ಹೀಯಾಳಿಸುವವರಿಗೂ ಎರಡು ಮಾತು. ಫ್ರಾನ್ಸ್‌ನಲ್ಲಿ 2016ರಿಂದ 400 ಚದರ ಮೀಟರ್‌ಗಿಂತ ದೊಡ್ಡ ಸೂಪರ್‌ಮಾರ್ಕೆಟ್‌ಗಳು ತಿನ್ನಲು ಯೋಗ್ಯವಾದ ಉಳಿಕೆಯನ್ನು ಹಾಳುಮಾಡುವಂತಿಲ್ಲ. 400 ಚದರ ಮೀಟರ್ ಎಂದರೆ ಸುಮಾರು 4,300 ಚದರ ಅಡಿ. ಮಂಡಿಪೇಟೆಯ ಕಿರಾಣಿ ಅಂಗಡಿಗಳನ್ನು ಹತ್ತಾರು ಜೋಡಿಸಿದರೆ ಅಷ್ಟಾದೀತು. ಅಮೆರಿಕದಲ್ಲಿ ಒಳ್ಳೆಯ ಮನಸ್ಸಿನಿಂದ ಆಹಾರ ಕೊಟ್ಟವರನ್ನು ಮೊಕದ್ದಮೆಯಿಂದ ಕಾಯುವ ಕಾಯ್ದೆ 1996ರಿಂದಲೇ ಇದೆ. ನಮ್ಮಲ್ಲಿ ಅಂಥ ರಕ್ಷಣೆಯ ಕಾಯ್ದೆ ಇಲ್ಲ. ಅಂಗಡಿಯವರು ಹೆದರುವುದರಲ್ಲಿ ಅರ್ಥವಿದೆ. ಆ ಹೆದರಿಕೆ ಡೇಟ್ ಮುಗಿದ ಸರಕಿಗೆ ಮೀಸಲಾಗಿರಲಿ, ಅಷ್ಟೆ.

ಕೊಡುವ ದಿನ ಒಂದು ನೋಟ್‌ಬುಕ್‌ನಲ್ಲಿ ಬರೆಯಿರಿ: ಏನು, ಎಷ್ಟು, ಬ್ಯಾಚ್ ನಂಬರ್, ಎಕ್ಸ್‌ಪೈರಿ, ಯಾರು ತೆಗೆದುಕೊಂಡರು, ಅವರ ಸಹಿ. ಬಾಕಿ ಇರುವ ದಿನಗಳನ್ನು ಬಾಯಿಬಿಟ್ಟು ಹೇಳಿಯೇ ಕೊಡಿ. ಒಂದು ವಾರದಲ್ಲಿ ಅವರು ತಿಂದು ಮುಗಿಸಬಲ್ಲಷ್ಟೇ ಕೊಡಿ. ಬೆಸ್ಟ್ ಬಿಫೋರ್ ದಾಟಿ ಎಕ್ಸ್‌ಪೈರಿ ಬಾಕಿ ಇರುವುದನ್ನೂ ಕೊಡಬಹುದು, ಹೇಳಿ ಕೊಟ್ಟರೆ ಮಾತ್ರ.

ಇನ್ನು ಕೆಲಸದವರ ವಿಷಯ. ಇದೇ ಎಲ್ಲಕ್ಕಿಂತ ಕಷ್ಟದ್ದು. ಒಂದು ಸಂಜೆ ನನ್ನ ಗಿರಾಕಿಯೊಬ್ಬರ ಅಂಗಡಿಯಲ್ಲಿ ಹುಡುಗ ಡೇಟ್ ಆದ ಕ್ರೀಂ ಬಿಸ್ಕೆಟ್ ಪ್ಯಾಕೆಟ್‌ಗಳನ್ನು ಕತ್ತರಿಯಿಂದ ಕೊಯ್ದು ಬಕೆಟ್‌ಗೆ ಸುರಿಯುತ್ತಿದ್ದ. ಕಸ ಗುಡಿಸುವ ಅಮ್ಮ ಪೊರಕೆ ಹಿಡಿದು ಅಲ್ಲೇ ನಿಂತಿತು.

"ಕುಯ್ಬ್ಯಾಡ ಕಣಪ್ಪ, ಮಕ್ಳು ತಿಂತವೆ. ಚೆನ್ನಾಗೇ ಐತಲ್ಲ."

"ಡೇಟ್ ಆಗೈತೆ ಕಣಮ್ಮ, ಓನರ್ ಬೈತಾರೆ."

ಗಲ್ಲಾದಲ್ಲಿದ್ದ ಮಾಲೀಕರು ತಲೆಯೆತ್ತಿ, ಶೆಲ್ಫ್‌ನಿಂದ ಎರಡು ಹೊಸ ಪ್ಯಾಕೆಟ್ ತೆಗೆದು ಆಯಮ್ಮನ ಕೈಗಿಟ್ಟು, "ಅದು ಬ್ಯಾಡ, ಇದು ತಗಂಡೋಗು" ಅಂದರು. ಹುಡುಗ ಕೊಯ್ಯುವುದನ್ನು ಮುಂದುವರಿಸಿದ. ಇಪ್ಪತ್ತು ರೂಪಾಯಿಯ ಮಾತು. ಆದರೆ ಆಯಮ್ಮ ಕೇಳಿದ್ದು ತಪ್ಪಲ್ಲ. ಅದೇ ಬಿಸ್ಕೆಟ್ ತಿಂಗಳ ಹಿಂದೆ ಹೊರಗೆ ತೆಗೆದಿಟ್ಟಿದ್ದರೆ ಪೂರ್ತಿ ಡಬ್ಬವೇ ಆ ಓಣಿಯ ಮಕ್ಕಳಿಗೆ ಹೋಗುತ್ತಿತ್ತು. ಕೆಲಸದವರಿಗೆ ಕೊಡುವುದಿದ್ದರೆ ಡೇಟ್ ಇರುವಾಗಲೇ ಕೊಡಿ. ಡೇಟ್ ಆದದ್ದನ್ನು ಸಂಬಳದ ಜೊತೆಗಿನ ಉಪಕಾರ ಎಂಬಂತೆ ಕೊಡುವುದು ಬೇಡ.

ಯಾವ ಸರಕಿಗೆ ಯಾವ ದಾರಿ

ಅಕ್ಕಿ, ಬೇಳೆ, ಸಕ್ಕರೆ, ಉಪ್ಪು, ಟೀಪುಡಿ ಹೆಚ್ಚು ಯೋಚನೆ ಬೇಡದ ಪದಾರ್ಥಗಳು. ಹುಳ ಇಲ್ಲದೆ, ಮುಗ್ಗದೆ, ಡೇಟ್ ಇದ್ದರೆ ಕೊನೆಯ ವಾರದಲ್ಲೂ ಕೊಡಬಹುದು. ಗೋಧಿ ಹಿಟ್ಟು, ರಾಗಿ ಹಿಟ್ಟು, ರವೆ ಮಾತ್ರ ಹುಳ ಬೀಳುವ ಮುಂಚೆ, ತಿಂಗಳ ಮೊದಲೇ ಹೊರಗೆ ಹೋಗಲಿ. ಎಣ್ಣೆಯಲ್ಲಿ ಕರಿದದ್ದು, ಕಡಲೆಕಾಯಿ, ಗೋಡಂಬಿ ಇರುವಂಥದ್ದು ಒಂದನ್ನು ಒಡೆದು ಮೂಸಿ ನೋಡಿ. ಕಮಟು ಬಂದರೆ ಡೇಟ್ ಏನೇ ಇರಲಿ ಕೊಡಬೇಡಿ. ಹಾಲು, ಮೊಸರು, ಪನೀರ್, ಕ್ರೀಂ ಕೇಕ್ ಅದೇ ದಿನ, ತಣ್ಣಗಿರುವಾಗಲೇ, ಹತ್ತು ನಿಮಿಷದ ದಾರಿಯೊಳಗೆ ತಲುಪುವುದಾದರೆ ಸರಿ. ಇಲ್ಲದಿದ್ದರೆ ಬೇಡ. ಅಂತರಸನಹಳ್ಳಿ ಮಾರುಕಟ್ಟೆಯಿಂದ ತಂದ ತರಕಾರಿಗೆ ಡೇಟೇ ಇಲ್ಲ, ಕಣ್ಣೇ ಅಳತೆ. ಬಾಡಿದ ಸೊಪ್ಪು ಸಂಜೆ ಸಾರಿಗೆ ಆಗುತ್ತದೆ, ಕೊಳೆತದ್ದು ಗೊಬ್ಬರಕ್ಕೆ.

ಉಬ್ಬಿದ ಡಬ್ಬ, ಗಾಳಿ ತುಂಬಿದಂತಾದ ಟೆಟ್ರಾಪ್ಯಾಕ್ ಕಂಡರೆ ಕೈ ಹಾಕಬೇಡಿ. ಬ್ರೆಡ್‌ನ ಒಂದು ಮೂಲೆಯಲ್ಲಿ ಬೂಷ್ಟು ಕಂಡರೆ ಆ ಚೂರು ಕಿತ್ತು ಉಳಿದದ್ದು ಕೊಡುವ ಅಭ್ಯಾಸವೂ ಬೇಡ, ಬೂಷ್ಟಿನ ಎಳೆ ಕಣ್ಣಿಗೆ ಕಾಣದಂತೆ ಒಳಗೆ ಹಬ್ಬಿರುತ್ತದೆ.

ಹಸುಗೂಸಿನ ಹಾಲಿನ ಪುಡಿ ಬೇರೆಯದೇ ಸಂಗತಿ. 1992ರ ಶಿಶು ಹಾಲಿನ ಬದಲಿಗಳ ಕಾಯ್ದೆ ಅದನ್ನು ದಾನವಾಗಿ ಹಂಚುವುದನ್ನೇ ತಡೆಯುತ್ತದೆ, ಅನಾಥಾಲಯಕ್ಕೆ ಮಾತ್ರ ವಿನಾಯಿತಿ. ಡೇಟ್ ಎಷ್ಟೇ ಬಾಕಿ ಇರಲಿ, ಬಾಣಂತಿ ಇರುವ ಮನೆಗೆ "ಪಾಪ, ತಗೊಳ್ಳಮ್ಮ" ಎಂದು ಕೊಡುವಂತಿಲ್ಲ.

ದನಕ್ಕೆ ಹಾಕುವುದು

ನಮ್ಮ ಕಡೆ ಮೂರನೆಯ ದಾರಿಯೊಂದು ಇದ್ದೇ ಇದೆ. ಹಳೇ ಬ್ರೆಡ್, ಬನ್ನು, ಅಕ್ಕಿಯನ್ನು ಒಂದು ಚೀಲಕ್ಕೆ ತುಂಬಿ ಹಾಲು ಹಾಕುವವರ ಮನೆಗೆ ಕೊಟ್ಟರೆ ಗೋಸೇವೆಯೂ ಆಯಿತು, ಕಸವೂ ಖಾಲಿಯಾಯಿತು ಎಂಬ ಸಮಾಧಾನ. ಎರಡು ಕಾರಣಕ್ಕೆ ಈ ಸಮಾಧಾನ ನನಗೆ ಹಿಡಿಸುವುದಿಲ್ಲ. ಹುಲ್ಲು ತಿನ್ನುವ ಹಸುವಿಗೆ ಒಮ್ಮೆಲೇ ಚೀಲಗಟ್ಟಲೆ ಬ್ರೆಡ್ಡೋ ಅಕ್ಕಿಯೋ ಬಿದ್ದರೆ ಹೊಟ್ಟೆಯೊಳಗೆ ಹುಳಿಯೇರಿ ಮೆಲುಕು ನಿಲ್ಲುತ್ತದೆ. ಮದುವೆ ಮನೆಯ ಅನ್ನ ಪಾಯಸ ತಿಂದು ನೆಲ ಹಿಡಿದ ಹಸುಗಳನ್ನು ಪಶುವೈದ್ಯರು ನೋಡುತ್ತಲೇ ಇರುತ್ತಾರೆ. ಬೂಷ್ಟು ಹಿಡಿದ ಮೇವಿನದು ಇನ್ನೊಂದು ಕಥೆ. ಕೆಲವು ಬಗೆಯ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. ಹಸು ಅದನ್ನು ತಿಂದರೆ ಅದರ ಒಂದು ರೂಪ ಹಾಲಿಗೆ ಇಳಿಯುತ್ತದೆ, ಕಾಯಿಸಿದರೆ ಹೋಗುವುದಿಲ್ಲ. ಹಾಲಿನಲ್ಲಿ ಅದರ ಮಿತಿ ಕೆ.ಜಿ.ಗೆ 0.5 ಮೈಕ್ರೋಗ್ರಾಂ ಮಾತ್ರ. ಮನೆಗೊಂದು ಹಸು ಕಟ್ಟಿ ಡೇರಿಗೆ ಹಾಲು ಹಾಕುವ ಜಿಲ್ಲೆ ನಮ್ಮದು. ನೀವು ಕೊಟ್ಟ ಚೀಲ ಮರುದಿನ ನಿಮ್ಮದೇ ಕಾಫಿಗೆ ಬಂದೀತು.

ಬೂಷ್ಟಿಲ್ಲದ ಒಣ ಬ್ರೆಡ್ ನಾಲ್ಕಾರು ಹೋಳು ಹುಲ್ಲಿನ ಜೊತೆ ಹಾಕಿದರೆ ಯಾವ ಹಸುವಿಗೂ ಏನೂ ಆಗದು. ಚೀಲ ಕೊಡುವಾಗ ಆ ಮಾತನ್ನೂ ಹೇಳಿ ಕೊಡಿ, ಪ್ಲಾಸ್ಟಿಕ್ ಕವರ್ ಬಿಚ್ಚಿಯೇ ಕೊಡಿ.

ಎಸೆಯುವುದಕ್ಕೂ ಒಂದು ಕ್ರಮವಿದೆ

ಮುಚ್ಚಿದ ಪ್ಯಾಕೆಟ್ಟನ್ನು ಹಾಗೇ ಕಸಕ್ಕೆ ಹಾಕಿದರೆ ಅದು ಎಸೆದಂತಾಗಲಿಲ್ಲ. ಬೆಳಗಿನ ಜಾವ ಚಿಂದಿ ಆಯುವ ಮಕ್ಕಳ ಕೈಗೆ ಅದು ಸಿಗುತ್ತದೆ, ಅವರು ತಿನ್ನುತ್ತಾರೆ. ಇಲ್ಲವೇ ಹಳೇ ಡೇಟ್ ಒರೆಸಿ ಹೊಸ ಡೇಟ್ ಹೊಡೆದು ಮಾರುವವರ ಕೈ ಸೇರುತ್ತದೆ. ಅಂಥ ಜಾಲಗಳು ದೇಶದ ಬೇರೆ ಬೇರೆ ಕಡೆ ಸಿಕ್ಕಿಬಿದ್ದಿವೆ. ಆದ್ದರಿಂದ ಕತ್ತರಿ ಹಾಕಿ ಒಳಗಿನದನ್ನು ಹಸಿ ಕಸಕ್ಕೆ ಸುರಿಯಿರಿ, ಕವರ್ ಒಣ ಕಸಕ್ಕೆ. ಎಣ್ಣೆ, ತುಪ್ಪವನ್ನು ಚರಂಡಿಗೆ ಬಿಡಬೇಡಿ, ಮರದ ಪುಡಿಗೋ ಹಳೇ ಪೇಪರಿಗೋ ಹೀರಿಸಿ. ಉಪ್ಪು, ಎಣ್ಣೆ ಹೆಚ್ಚಿರುವ ಚಿಪ್ಸ್ ಮಿಕ್ಸ್ಚರ್ ಮನೆಯ ಗೊಬ್ಬರದ ಗುಂಡಿಗೆ ಒಳ್ಳೆಯದಲ್ಲ. ಹಣ್ಣು, ತರಕಾರಿ, ಹಿಟ್ಟು ಧಾರಾಳವಾಗಿ ಹಾಕಿ. ಎಸೆದದ್ದನ್ನೂ ಅದೇ ನೋಟ್‌ಬುಕ್‌ನಲ್ಲಿ ಬರೆಯಿರಿ. ಕ್ರೆಡಿಟ್ ವಾಪಸ್ ಕಟ್ಟುವಾಗ ನನ್ನಂಥವರು ಕೇಳುವುದು ಆ ಪುಟವನ್ನೇ.

ವಿಶ್ವಸಂಸ್ಥೆಯ 2024ರ ವರದಿಯ ಲೆಕ್ಕದಲ್ಲಿ 2022ರಲ್ಲಿ ಜಗತ್ತಿನಲ್ಲಿ ಪೋಲಾದ 105 ಕೋಟಿ ಟನ್ ಆಹಾರದಲ್ಲಿ ಅಂಗಡಿಗಳ ಪಾಲು ಶೇ. 12, ಮನೆಗಳ ಪಾಲು ಶೇ. 60. ಅಂಗಡಿಯವರನ್ನೇ ಗುರಿಮಾಡಿ ಉಪದೇಶ ಮಾಡುವವರು ತಮ್ಮ ಫ್ರಿಜ್‌ನ ಹಿಂದಿನ ಸಾಲನ್ನೂ ನೋಡಿಕೊಳ್ಳಲಿ.

ಕೊನೆಗೆ ಕ್ಯಾಲೆಂಡರ್ ವಿಷಯ. ಏಪ್ರಿಲ್, ಮೇ ತಿಂಗಳಲ್ಲಿ ಹಾಸ್ಟೆಲ್ ಮಕ್ಕಳು ರಜೆಗೆಂದು ಊರಿಗೆ ಹೋಗಿರುತ್ತಾರೆ, ಕೊಡೋಣ ಎಂದರೂ ತೆಗೆದುಕೊಳ್ಳುವವರಿರುವುದಿಲ್ಲ. ಸರಕು ಬೇಗ ಕೆಡುವುದೂ ಆಗಲೇ. ಮೇ ಒಳಗೆ ಡೇಟ್ ಮುಗಿಯುವುದನ್ನೆಲ್ಲ ಮಾರ್ಚ್ ಸ್ಟಾಕ್ ಎಣಿಸುವಾಗಲೇ ಬೇರೆ ತೆಗೆದಿಡಿ. ಪರೀಕ್ಷೆ ಮುಗಿದು ಮಕ್ಕಳು ಹೊರಡುವ ಮುಂಚೆ ಹಾಸ್ಟೆಲ್‌ನವರಿಗೆ ಫೋನ್ ಮಾಡಿ, ಮಿಕ್ಕದ್ದನ್ನು ಯುಗಾದಿ ವ್ಯಾಪಾರದ ಹೊತ್ತಿಗೆ ಬುಟ್ಟಿಗೆ ಹಾಕಿ.